ಎರಡು ವರ್ಷದ ಖರ್ಚು ಕೊಡಿ, ಕಾಸರಗೋಡಿನ ಕನ್ನಡ ಶಾಲೆಗೆ ನಾವು ವಿಜ್ಞಾನ ಕಲಿಸಲು ಬರುತ್ತೇವೆ

ಮಾನ್ಯ ಸಾರ್ವಜನಿಕ ಶಿಕ್ಷಣ ಸಚಿವರಿಗೆ, ಕೇರಳ ಸರಕಾರ, ತಿರುವನಂತಪುರ
ಹಾಗೂ ಕಾಸರಗೋಡು ಜಿಲ್ಲಾ ಪಂಚಾಯತಿನ ಅಧ್ಯಕ್ಷರಿಗೆ, ಸದಸ್ಯರಿಗೆ

ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಲಯಾಳ ನನಗೆ ಬರುತ್ತದೆ, ಅದರ ಮೇಲೆ ಸಿಟ್ಟೂ ಇಲ್ಲ. ಆದರೆ ಯಾವ ಅಧಿಕಾರಿಗೇ ಆಗಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಹೇಳಿಕೊಳ್ಳಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆ ಹಕ್ಕನ್ನು ಆಗಾಗ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಕನ್ನಡದಲ್ಲಿ.

ನಾನು ಬದಿಯಡ್ಕದ ಕಡೆಯವಳು. ವಯಸ್ಸು 37. ಹತ್ತನೇ ಕ್ಲಾಸಿನ ತನಕ ಇಲ್ಲಿಯದೇ ಕನ್ನಡ ಮಾಧ್ಯಮದ ಶಾಲೆ, ಆಮೇಲೆ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಹನ್ನೆರಡು ವರ್ಷದಿಂದ ಮಂಗಳೂರಿನ ಆಚೆಗಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಬೆಳಿಗ್ಗೆ ಆರಕ್ಕೆ ಬಸ್ಸು, ರಾತ್ರಿ ಎಂಟಕ್ಕೆ ಮನೆ. ತಿಂಗಳಿಗೆ 38 ಸಾವಿರ ಸಂಬಳ. ನಮ್ಮವರಿಗೆ ಅಡಿಕೆ ತೋಟ, ಅದೂ ಎಲೆಚುಕ್ಕಿ ರೋಗ ಬಂದ ಮೇಲೆ ಮೊದಲಿನ ಹಾಗಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತೇನೆ ಎಂದರೆ, ಮುಂದೆ ದುಡ್ಡಿನ ಮಾತು ಬರುತ್ತದೆ. ಆಗ ಯಾರೂ ಇವಳಿಗೇನು ಕಡಿಮೆ ಎಂದು ಕೇಳಬಾರದು, ಅಲ್ವಾ.

ನನಗೆ ಟೀಚರ್ ಆಗಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವ ಹೈಸ್ಕೂಲು ಟೀಚರ್. ಇಲ್ಲೇ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ.

ಈ ಆಸೆ ಚಿಕ್ಕಂದಿನದ್ದಲ್ಲ. ಹೋದ ವರ್ಷ ಶುರುವಾದದ್ದು. ಅಕ್ಕನ ಮಗಳು ಹತ್ತರಲ್ಲಿದ್ದಳು. ಒಂದು ಭಾನುವಾರ ಪುಸ್ತಕ ಹಿಡಿದುಕೊಂಡು ಬಂದು, "ಚಿಕ್ಕಮ್ಮ, ಪಿಂಡ ಅಂದರೆ ತೂಕವಾ?" ಎಂದು ಕೇಳಿದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಪಿಂಡ ಎಂದರೆ ನಮಗೆ ಗೊತ್ತಿರುವುದು ಕಾಗೆಗೆ ಇಡುವ ಪಿಂಡ. ಆಮೇಲೆ ಹೊಳೆಯಿತು. ಮಲಯಾಳದಲ್ಲಿ ಮಾಸ್‌ಗೆ ಪಿಂಡಂ ಎನ್ನುತ್ತಾರೆ. ಕನ್ನಡ ಪುಸ್ತಕದಲ್ಲಿ ಅದು ದ್ರವ್ಯರಾಶಿ. ಕ್ಲಾಸಿಗೆ ಬರುವ ಮಾಷ್ಟ್ರಿಗೆ ಕನ್ನಡ ಬರುವುದಿಲ್ಲ. ಅವರು ಪಿಂಡಂ ಎನ್ನುವಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ಕಾ ಕಾ ಎಂದು ಕೂಗುತ್ತಾರಂತೆ.

ನಗು ಬರುತ್ತದೆ. ನಾನೂ ನಕ್ಕೆ. ಆದರೆ ಇನ್ನೊಂದು ಕೇಳಿ. ನಮ್ಮ ಕನ್ನಡ ಪಾಠಗಳಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ. ಮಲಯಾಳದಲ್ಲಿ ಸ್ಪೀಡಿಗೇ ವೇಗಂ ಎಂದು ಹೇಳುತ್ತಾರೆ, ವೆಲಾಸಿಟಿಗೆ ಪ್ರವೇಗಂ. ಅಂದರೆ ಮಾಷ್ಟ್ರು ಬೋರ್ಡಿನ ಎದುರು ನಿಂತು ವೇಗ ಎಂದಾಗ ಮಗುವಿನ ಪುಸ್ತಕದಲ್ಲಿ ಅದು ಬೇರೆಯದೇ ಸಂಗತಿ. ಸ್ಪೀಡಿಗೂ ವೆಲಾಸಿಟಿಗೂ ಇರುವ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆಗೆ ಆ ಮಗು ಏನು ಬರೆಯಬೇಕು? ಮಲಯಾಳದಲ್ಲಿ ಕೇಳಿ, ಕನ್ನಡದಲ್ಲಿ ಓದಿ, ಇಂಗ್ಲಿಷ್ ಗೈಡಿನಲ್ಲಿ ತಾಳೆ ನೋಡಿ, ಕೊನೆಗೆ ಕನ್ನಡದಲ್ಲಿ ಪರೀಕ್ಷೆ ಬರೆಯಬೇಕು. ದೊಡ್ಡವರಿಗೂ ಇದು ಸುಲಭದ ಕೆಲಸವಲ್ಲ.

ಆ ಮಾಷ್ಟ್ರನ್ನು ದೂರಲು ನನಗೆ ಮನಸ್ಸಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೆಂಕಣ ಜಿಲ್ಲೆಯವರು. ಮನೆ, ಹೆಂಡತಿ, ಮಗು ಎಲ್ಲ ಅಲ್ಲಿ, ಇವರು ಇಲ್ಲಿ ಬಾಡಿಗೆ ಕೋಣೆಯಲ್ಲಿ. ಕನ್ನಡ ಅಕ್ಷರ ಕಲಿಯುತ್ತಿದ್ದಾರೆ, ನೋಟ್‌ಬುಕ್ಕಿನಲ್ಲಿ ಕ ಕಾ ಕಿ ಕೀ ಬರೆದದ್ದನ್ನು ನನಗೆ ತೋರಿಸಿದರು. ಪಾಪದ ಮನುಷ್ಯ. ವಿಷಯ ಚೆನ್ನಾಗಿ ಗೊತ್ತು. ಅವರಿಗೂ ಇದು ಶಿಕ್ಷೆ, ಮಕ್ಕಳಿಗೂ ಶಿಕ್ಷೆ. ಮೊದಲ ಅವಕಾಶ ಸಿಕ್ಕಿದ ಕೂಡಲೇ ಅವರು ವರ್ಗ ಮಾಡಿಸಿಕೊಂಡು ಹೋಗುತ್ತಾರೆ, ಹೋಗಲೇಬೇಕು. ಆಗ ಆ ಕುರ್ಚಿ ಮತ್ತೆ ಖಾಲಿ. ಅಥವಾ ದಿನಗೂಲಿಯ ಒಬ್ಬರು ಬರುತ್ತಾರೆ. ಅವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸಂಬಳ ಇಲ್ಲ. ಜೂನಿಗೆ ಮತ್ತೆ ಬರುತ್ತಾರೋ ಇಲ್ಲವೋ ದೇವರಿಗೇ ಗೊತ್ತು.

ಪಿಟಿಎ ಸಭೆಯಲ್ಲಿ ಈ ಮಾತು ಬಂದಾಗ ಅಕ್ಕ ಸುಮ್ನೆ ಕೂರದೆ ನನ್ನ ಹೆಸರು ಹೇಳಿದ್ದಾಳೆ. ಶನಿವಾರ ನನಗೆ ರಜೆ. ಪರೀಕ್ಷೆಯ ತನಕ ಶನಿವಾರ ಬಂದು ಹತ್ತನೆಯವರಿಗೆ ಒಂದಿಷ್ಟು ಹೇಳಿಕೊಡುತ್ತೀರಾ ಎಂದು ಕೇಳಿದರು. ಹದಿನಾಲ್ಕು ಶನಿವಾರ ಹೋದೆ. ಶಾಲೆಯ ಹೆಸರು ಬೇಡ.

ಕ್ಲಾಸ್‌ರೂಮ್ ನೋಡಿ ನನಗೆ ಖುಷಿಯಾಯಿತು, ಅದನ್ನೂ ಹೇಳಬೇಕು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್, ಎಲ್ಲ ಇದೆ. ನಾವು ಓದುವಾಗ ಸರಿಯಾದ ಸೂರೇ ಇರಲಿಲ್ಲ. ಈ ವಿಷಯದಲ್ಲಿ ಕೇರಳದ ಸರಕಾರಿ ಶಾಲೆಗಳನ್ನು ಯಾರೂ ಹೀಗಳೆಯುವಂತಿಲ್ಲ. ಆದರೆ ಲ್ಯಾಬಿನ ಕಪಾಟಿನ ಬೀಗದ ಕೈ ಹುಡುಕಲು ಎರಡು ಶನಿವಾರ ಹೋಯಿತು. ಒಳಗೆ ಬಾಟಲಿಗಳಿದ್ದವು, ಹೆಸರಿನ ಚೀಟಿ ಇರಲಿಲ್ಲ. ಹನ್ನೆರಡು ವರ್ಷ ಚೀಟಿ ಇಲ್ಲದ ಬಾಟಲಿ ಕಂಡರೆ ಬೈಯುವ ಕೆಲಸ ಮಾಡಿದವಳು ನಾನು. ಯಾವುದು ಆ್ಯಸಿಡ್, ಯಾವುದು ನೀರು ಎಂದು ಗೊತ್ತಾಗದೆ ಕಪಾಟನ್ನು ಹಾಗೇ ಮುಚ್ಚಿದೆ.

ಅದರಿಂದ ಒಂದು ಒಳ್ಳೆಯದೇ ಆಯಿತು. ಲೋಹಗಳ ಕ್ರಿಯಾಶೀಲತೆಯ ಪಾಠ ಮಾಡಬೇಕಿತ್ತು, ಅಂದರೆ ಯಾವ ಲೋಹ ಯಾವುದನ್ನು ಅದರ ಲವಣದಿಂದ ಹೊರಗೆ ಹಾಕುತ್ತದೆ ಎನ್ನುವುದು. ಮಕ್ಕಳಿಗೆ ಪಟ್ಟಿ ಬಾಯಿಪಾಠ. ಪೊಟಾಸಿಯಂ, ಸೋಡಿಯಂ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ಯಾಕೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ನಾನು ಮನೆಯಿಂದ ಮೈಲುತುತ್ತು (ತಾಮ್ರದ ಸಲ್ಫೇಟು), ಸುಣ್ಣ, ಒಂದು ಹಳೇ ಕತ್ತಿ ತಂದೆ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಮನೆಯ ಮಕ್ಕಳೇ ಅರ್ಧಕ್ಕಿಂತ ಜಾಸ್ತಿ. ಆ ಬೋರ್ಡೋ ಮದ್ದು ಹೇಗೆ ಮಾಡುತ್ತೀರಿ ಎಂದು ಕೇಳಿದ್ದೇ ತಡ, ಕ್ಲಾಸೇ ಎದ್ದು ನಿಂತಿತು. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಹಿಂದುಮುಂದಾಗಬಾರದು, ಲೋಹದ ಪಾತ್ರೆ ಬೇಡ. ಎಲ್ಲ ಗೊತ್ತು. "ಕತ್ತಿ ಅದ್ದುವುದು ಯಾಕೆ?" ಎಂದೆ. ಒಬ್ಬ ಹುಡುಗ ಹೇಳಿದ, "ಕತ್ತಿ ಕೆಂಪಾದರೆ ಸುಣ್ಣ ಸಾಲದು ಟೀಚರೇ, ಅಪ್ಪ ಇನ್ನೂ ಹಾಕುತ್ತಾರೆ."

ಕತ್ತಿ ಯಾಕೆ ಕೆಂಪಾಗುತ್ತದೆ?

ಯಾರೂ ಮಾತಾಡಲಿಲ್ಲ. ಬರೀ ತುತ್ತಿನ ನೀರಿನಲ್ಲಿ ಕತ್ತಿ ಅದ್ದಿ ಹೊರಗೆ ತೆಗೆದೆ. ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತಿತ್ತು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಚುರುಕು, ತಾನು ನೀರಿಗೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಸುಣ್ಣ ಸಾಕಷ್ಟು ಬಿದ್ದರೆ ತಾಮ್ರ ಹಾಗೆ ಬಿಡಿಯಾಗಿ ಉಳಿಯುವುದಿಲ್ಲ, ಆಗ ಕತ್ತಿ ಕತ್ತಿಯ ಬಣ್ಣದಲ್ಲೇ ಇರುತ್ತದೆ. ಅಷ್ಟೇ ಪಾಠ. ಆ ಹುಡುಗ ಸ್ವಲ್ಪ ಹೊತ್ತು ಕತ್ತಿಯನ್ನೇ ನೋಡಿ, "ಹಾಗಾದರೆ ಅಪ್ಪನಿಗೆ ಈ ಪಟ್ಟಿ ಗೊತ್ತುಂಟು" ಎಂದ. ಅವನಪ್ಪ ಏಳನೇ ಕ್ಲಾಸು. ಆ ಹುಡುಗನೂ ಅಲ್ಲಿಯ ತನಕ ಕೆಮಿಸ್ಟ್ರಿಯಲ್ಲಿ ಹಿಂದೆ. ಆ ಶನಿವಾರ ಮನೆಗೆ ನಡೆದುಕೊಂಡು ಬರುವಾಗ ನಾನು ಲ್ಯಾಬಿನ ಕೆಲಸ ಬಿಡುವ ತೀರ್ಮಾನ ಮಾಡಿದ್ದೆ.

ತೀರ್ಮಾನ ಮಾಡುವುದು ಸುಲಭ. ಮಾರನೇ ವಾರ ಅರ್ಧ ದಿನ ರಜೆ ಹಾಕಿ ಶಿಕ್ಷಣ ಇಲಾಖೆಯ ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಬಿ.ಎಡ್. ಇಲ್ಲದೆ ದಿನಗೂಲಿಗೂ ಆಗುವುದಿಲ್ಲ ಎಂದರು. ಸರಿ, ನಿಯಮ ನಿಯಮವೇ. ಕಲಿಸುವುದೂ ಒಂದು ವಿದ್ಯೆ, ಅದನ್ನು ಕಲಿಯಬೇಕು ಎನ್ನುವುದನ್ನು ಹದಿನಾಲ್ಕು ಶನಿವಾರದಲ್ಲಿ ನಾನೇ ಕಂಡಿದ್ದೇನೆ. ಮೊದಲಿನ ಮೂರು ಕ್ಲಾಸು ನಾನು ಮಾಡಿದ್ದು ಪಾಠವಲ್ಲ, ಭಾಷಣ. ಹಾಗಾಗಿ ಬಿ.ಎಡ್. ಬೇಡ ಎಂದು ನಾನು ಹೇಳುವುದಿಲ್ಲ. ನಾನು ಕೇಳಿದ್ದು ಒಂದೇ: ನನ್ನಂಥವರು ಕೆಲಸ ಬಿಟ್ಟು ಬಿ.ಎಡ್. ಮಾಡುವುದಾದರೆ ಆ ಎರಡು ವರ್ಷಕ್ಕೆ ಏನಾದರೂ ಸಹಾಯಧನ ಉಂಟಾ? ಅಲ್ಲಿದ್ದವರು ಪಕ್ಕದ ಮೇಜಿನವರನ್ನು ನೋಡಿ ನಕ್ಕರು. "ಟೀಚರ್ ಆಗಲಿಕ್ಕೆ ಸಂಬಳ ಕೊಟ್ಟು ಓದಿಸಬೇಕಾ?"

ಈ ಪತ್ರ ಆ ಪ್ರಶ್ನೆಗೆ ಉತ್ತರ. ಹೌದು, ಕೊಟ್ಟು ಓದಿಸಬೇಕು. ಯಾಕೆ ಎಂದು ಹೇಳುತ್ತೇನೆ.

ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ. ಅದರಲ್ಲಿ ಇಪ್ಪತ್ತು ವಾರ ಶಾಲೆಯಲ್ಲಿ ತರಬೇತಿ. ಹಾಜರಿ ಕ್ಲಾಸಿಗೆ ಶೇಕಡಾ 80, ಶಾಲೆಯ ತರಬೇತಿಗೆ ಶೇಕಡಾ 90. ಕೆಲಸ ಮಾಡಿಕೊಂಡು ಇದನ್ನು ಮಾಡಲು ಸಾಧ್ಯವಿಲ್ಲ, ಮಾಡಬಾರದು ಕೂಡ. ದೂರ ಶಿಕ್ಷಣದಲ್ಲಿ ಮಾಡಿ ಎಂದು ಸಲಹೆ ಕೊಟ್ಟವರು ಬಹಳ ಜನ. ದೂರ ಶಿಕ್ಷಣದ ಬಿ.ಎಡ್. ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ, ಹೊರಗಿನವರಿಗಲ್ಲ. ಅಂದರೆ ನನಗೆ ಉಳಿದ ದಾರಿ, ಸಂಬಳ ಬಿಟ್ಟು ಎರಡು ವರ್ಷ ಕಾಲೇಜಿಗೆ ಹೋಗುವುದು. 38 ಸಾವಿರ ಗುಣಿಸು 24, ಒಂಬತ್ತು ಲಕ್ಷದ ಹನ್ನೆರಡು ಸಾವಿರ ರೂಪಾಯಿ. ಫೀಸು, ಬಸ್ಸು ಬೇರೆ. ಮನೆಸಾಲದ ಕಂತು 14 ಸಾವಿರ, ಅದು ನಾನು ಓದುತ್ತಿದ್ದೇನೆ ಎಂದು ಕಾಯುವುದಿಲ್ಲ.

ಅಷ್ಟು ಕಳೆದುಕೊಂಡರೆ ಆ ಕಡೆ ಏನು ಸಿಗುತ್ತದೆ? ಸರಕಾರಿ ಕೆಲಸಕ್ಕೆ ಜನ ಆರಿಸುವ ಪಿ.ಎಸ್.ಸಿ.ಯ ನೋಟಿಫಿಕೇಶನ್ ಬರುವ ತನಕ ಕಾಯಬೇಕು. ಟೀಚರುಗಳ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಬೇಕು. ಪರೀಕ್ಷೆ, ಶಾರ್ಟ್‌ಲಿಸ್ಟ್, ಸಂದರ್ಶನ, ರ‍್ಯಾಂಕ್ ಲಿಸ್ಟ್. ಇದೆಲ್ಲ ಆಗುವಾಗ ನಲವತ್ತು ದಾಟಿದರೆ ಅರ್ಜಿಯೇ ಹಾಕುವ ಹಾಗಿಲ್ಲ. ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ಬೇರೆ ಕೆಲಸದಲ್ಲಿ ಹತ್ತು ಹನ್ನೆರಡು ವರ್ಷ ಅನುಭವ ಗಳಿಸಿ ಬರುವವರಿಗೆ ಒಂದು ದಿನವೂ ಇಲ್ಲ. ಲೆಕ್ಕ ಗೊತ್ತಿರುವ ಯಾರೂ ಈ ಜೂಜು ಆಡುವುದಿಲ್ಲ. ಲೆಕ್ಕ ಗೊತ್ತಿರುವವರೇ ಅಲ್ವಾ ನಿಮಗೆ ಬೇಕಾಗಿರುವುದು?

ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಈ ಕಡೆಯ ಕನ್ನಡ ಮಾಧ್ಯಮದವರು ನಾವು ಆರು ಜನ ಇದ್ದೆವು. ಇವತ್ತು ಶಾಲೆಯಲ್ಲಿರುವುದು ಒಬ್ಬಳು, ಅದೂ ಕರ್ನಾಟಕದಲ್ಲಿ. ಉಳಿದವರು ಕಾರ್ಖಾನೆ, ಆಸ್ಪತ್ರೆ ಲ್ಯಾಬು, ಬೆಂಗಳೂರು, ಒಬ್ಬ ಕುವೈತ್. ಕನ್ನಡದಲ್ಲಿ ವಿಜ್ಞಾನ ಹೇಳಬಲ್ಲವರು ಇಲ್ಲವೇ ಇಲ್ಲ ಎನ್ನುವುದು ಸುಳ್ಳು. ಇದ್ದಾರೆ, ಬೇರೆ ಕಡೆ ದುಡಿಯುತ್ತಿದ್ದಾರೆ. ಪೆರಡಾಲದ ಶಾಲೆಯಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮಾಷ್ಟ್ರಾಗಿದ್ದ ಊರು ಇದು. ಕನ್ನಡ ಭಾಷೆ ಕಲಿಸುವವರಿಗೆ ನಮ್ಮಲ್ಲಿ ಯಾವತ್ತೂ ಗೌರವ ಇತ್ತು, ಜನವೂ ಇದ್ದರು. ಕನ್ನಡದಲ್ಲಿ ವಿದ್ಯುತ್ತಿನ ಓಮ್‌ನ ನಿಯಮ ಹೇಳಿಕೊಡುವವರು ಬೇಕು ಎಂದು ನಮ್ಮ ಕನ್ನಡ ಸಂಘಟನೆಗಳೂ ಅಷ್ಟೇ ಗಟ್ಟಿಯಾಗಿ ಕೇಳಿದ್ದು ಕಡಿಮೆ. ಈ ಮಾತು ನಮ್ಮವರಿಗೇ.

ಓದುವವರಿಗೆ ಸರಕಾರ ದುಡ್ಡು ಕೊಡುವುದು ಹೊಸತೇನಲ್ಲ. ಜೆ.ಆರ್.ಎಫ್. ಪಡೆದು ಪಿಎಚ್.ಡಿ. ಮಾಡುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ. ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆದವರಿಗೆ ಬಿ.ಎಸ್ಸಿ., ಎಂ.ಎಸ್ಸಿ. ಓದಲು ವರ್ಷಕ್ಕೆ 80 ಸಾವಿರ. ಒಳ್ಳೆಯದೇ, ಇನ್ನೂ ಕೊಡಲಿ. ವಿಜ್ಞಾನ ಓದುವುದಕ್ಕೂ ಸಂಶೋಧನೆಗೂ ದುಡ್ಡಿದೆ. ಓದಿದ ವಿಜ್ಞಾನವನ್ನು ಹಳ್ಳಿಯ ಹೈಸ್ಕೂಲಿಗೆ ತಂದು ಹೇಳಿಕೊಡುತ್ತೇನೆ ಎಂದವಳಿಗೆ ಮಾತ್ರ ನಗು.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ಯೋಜನೆ ಇದೆ. ರಾಬರ್ಟ್ ನಾಯ್ಸ್ ಶಿಕ್ಷಕ ವಿದ್ಯಾರ್ಥಿವೇತನ ಎಂದು ಹೆಸರು. ಈ ನಾಯ್ಸ್ ಇಂಟೆಲ್ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು, ನಿಮ್ಮ ಹೈಟೆಕ್ ಕ್ಲಾಸ್‌ರೂಮಿನ ಲ್ಯಾಪ್‌ಟಾಪಿನೊಳಗಿನ ಚಿಪ್ಪಿನ ಮೂಲಪುರುಷರಲ್ಲಿ ಒಬ್ಬರು ಎನ್ನಬಹುದು. 2002ರ ಒಂದು ಕಾನೂನಿನಲ್ಲಿ ಬಂದ ಈ ಯೋಜನೆಯನ್ನು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಡೆಸುತ್ತದೆ. ದುಡ್ಡು ಕಾಲೇಜುಗಳ ಮೂಲಕ ಬರುತ್ತದೆ. ಬರೀ ಕಾಲೇಜು ಹುಡುಗರಿಗೆ ಮಾತ್ರವಲ್ಲ, ಈಗಾಗಲೇ ವಿಜ್ಞಾನ, ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಕೆಲಸ ಮಾಡಿ ಈಗ ಟೀಚರ್ ಆಗಬೇಕು ಎನ್ನುವವರಿಗೂ ಪ್ರತ್ಯೇಕ ಸ್ಟೈಪೆಂಡ್ ಇದೆ. ಪುಕ್ಕಟೆ ಅಲ್ಲ. ಒಂದು ವರ್ಷ ದುಡ್ಡು ತೆಗೆದುಕೊಂಡರೆ ಎರಡು ವರ್ಷ, ಟೀಚರುಗಳ ಅಗತ್ಯ ತುಂಬಾ ಇರುವ ಶಾಲೆಗಳಲ್ಲಿ ಕಲಿಸಬೇಕು. ಮಾತು ತಪ್ಪಿದರೆ ಅದು ಸಾಲವಾಗುತ್ತದೆ, ಮರಳಿ ಕಟ್ಟಬೇಕು.

ಆ ಅಗತ್ಯ ಇರುವ ಶಾಲೆ ಯಾವುದು ಎಂದು ಅವರು ಹೇಗೆ ಗುರುತಿಸುತ್ತಾರೆ ಎಂಬುದನ್ನು ಓದುವಾಗ ನನಗೆ ನಮ್ಮ ಶಾಲೆಯ ವರದಿಯನ್ನೇ ಓದಿದ ಹಾಗಾಯಿತು. ಬಡ ಕುಟುಂಬದ ಮಕ್ಕಳು ಜಾಸ್ತಿ ಇರಬೇಕು, ಅಥವಾ ತಾವು ತರಬೇತಿ ಪಡೆಯದ ವಿಷಯ ಕಲಿಸುವ ಟೀಚರುಗಳು ಜಾಸ್ತಿ ಇರಬೇಕು, ಅಥವಾ ಟೀಚರುಗಳು ಬಂದು ಬಂದು ಬಿಟ್ಟುಹೋಗುತ್ತಿರಬೇಕು. ಯಾವುದಾದರೂ ಒಂದಿದ್ದರೂ ಸಾಕು. ನಾನು ಕಂಡ ಶಾಲೆಯಲ್ಲಿ ಬರುವವರು ಹೋಗುವವರ ಲೆಕ್ಕ ಒಂದೇ ಸಾಕಿತ್ತು. ಜೊತೆಗೆ ಅವರು ಯೋಚಿಸಿಯೇ ಇರದ ನಾಲ್ಕನೆಯದೊಂದು ನಮ್ಮಲ್ಲಿದೆ: ಟೀಚರಿನ ಭಾಷೆ ಬೇರೆ, ಪುಸ್ತಕದ ಭಾಷೆ ಬೇರೆ.

ಇಂಗ್ಲೆಂಡಿನಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸಲು ತರಬೇತಿ ಪಡೆಯುವವರಿಗೆ ಸರಕಾರ ದುಡ್ಡು ಕೊಡುತ್ತದೆ. 2025-26ರಲ್ಲಿ ಅದು 29 ಸಾವಿರ ಪೌಂಡ್. ಆದರೆ ಅಲ್ಲಿ ತರಬೇತಿ ಮುಗಿದ ಮೇಲೆ ಇಷ್ಟು ವರ್ಷ ಕಲಿಸಲೇಬೇಕೆಂಬ ಕರಾರು ಇಲ್ಲ. ನನಗೆ ಆ ಪದ್ಧತಿ ಅಷ್ಟು ಹಿಡಿಸಲಿಲ್ಲ. ನಮಗೆ ಬಾಂಡ್ ಇರಲಿ. ಡಾಕ್ಟರಿಕೆ ಓದಿದವರು ಹಳ್ಳಿಯಲ್ಲಿ ದುಡಿಯುವ ಬಾಂಡ್ ಬರೆಯುವುದು ನಮ್ಮ ದೇಶದಲ್ಲಿ ಹೊಸತಲ್ಲ. ನಾನು ಬರೆದುಕೊಡಲು ಸಿದ್ಧ. ಎರಡು ವರ್ಷ ಓದಿಸಿದರೆ ಐದು ವರ್ಷ, ಬೇಕಾದರೆ ಆರು ವರ್ಷ ಇದೇ ಜಿಲ್ಲೆಯ ಕನ್ನಡ ಮಾಧ್ಯಮದಲ್ಲಿ ಇರುತ್ತೇನೆ. ವರ್ಗಾವಣೆ ಕೇಳುವುದಿಲ್ಲ. ಎಲ್ಲಿಗೆ ಅಂತ ಕೇಳಲಿ, ಮನೆ ಇಲ್ಲೇ ಇದೆಯಲ್ಲ.

ನೀವು ಒಂದು ಪ್ರಶ್ನೆ ಕೇಳಬಹುದು, ಕೇಳಬೇಕು. ಬಿ.ಎಡ್. ಮುಗಿಸಿ ಕೆಲಸ ಇಲ್ಲದೆ ಕೂತವರು ರಾಜ್ಯದಲ್ಲಿ ಬೇಕಾದಷ್ಟು ಇರುವಾಗ ಹೊಸಬರನ್ನು ಯಾಕೆ ದುಡ್ಡು ಕೊಟ್ಟು ತಯಾರು ಮಾಡಬೇಕು? ಸರಿಯಾದ ಮಾತು. ಕನ್ನಡದಲ್ಲಿ ಭೌತವಿಜ್ಞಾನ ಕಲಿಸಬಲ್ಲ ಬಿ.ಎಡ್. ಆದವರು ಯಾರೇ ಇದ್ದರೂ ಮೊದಲು ಅವರಿಗೆ ಕೆಲಸ ಕೊಡಿ, ನನ್ನ ಸರದಿ ಆಮೇಲೆ ಬರಲಿ. ಅವರೆಲ್ಲ ಮುಗಿದ ಮೇಲೂ ಹುದ್ದೆ ಖಾಲಿ ಬಿದ್ದರೆ, ಕನ್ನಡ ಬಾರದವರನ್ನು ತಂದು ಕೂರಿಸುವ ಬದಲು ನಮ್ಮಂಥವರ ಕಡೆ ನೋಡಿ. ಇಷ್ಟೇ ನನ್ನ ವಾದ.

ಕೇಳಿಕೊಳ್ಳುವುದು ಏನು ಎಂದರೆ, ವಿಜ್ಞಾನದಲ್ಲಿ ಪದವಿ ಆಗಿ, ಕನ್ನಡ ಮಾಧ್ಯಮದಲ್ಲಿ ಓದಿ, ಕಡಿಮೆಯೆಂದರೆ ಐದು ವರ್ಷ ಲ್ಯಾಬಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡಿದ ಹತ್ತು ಜನರನ್ನು ವರ್ಷಕ್ಕೆ ಆರಿಸಿ. ಆರಿಸುವಾಗ ಮಾರ್ಕು ಮಾತ್ರ ನೋಡಬೇಡಿ, ಒಂಬತ್ತನೇ ಕ್ಲಾಸಿನ ಮಕ್ಕಳ ಎದುರು ಇಪ್ಪತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿಸಿ, ಮಕ್ಕಳಿಗೆ ಅರ್ಥವಾಯಿತಾ ಎಂದು ಅವರನ್ನೇ ಕೇಳಿ. ಬಿ.ಎಡ್.ನ ಎರಡು ವರ್ಷ ತಿಂಗಳಿಗೆ 20 ಸಾವಿರ ಕೊಡಿ. ನನ್ನ ಈಗಿನ ಸಂಬಳಕ್ಕೆ ಅದು ಸಮ ಅಲ್ಲ, ಆಗಬೇಕಾಗಿಯೂ ಇಲ್ಲ. ಸಾಲದ ಕಂತು ಕಟ್ಟಿ ಅಕ್ಕಿ ತಂದರೆ ಸಾಕು. ಹತ್ತು ಜನಕ್ಕೆ ಎರಡು ವರ್ಷಕ್ಕೆ 48 ಲಕ್ಷ ಆಗುತ್ತದೆ. ಕಾಸರಗೋಡಿನ ಅಭಿವೃದ್ಧಿಗೆಂದು ಪಿ. ಪ್ರಭಾಕರನ್ ಆಯೋಗ 2012ರಲ್ಲಿ ಶಿಫಾರಸು ಮಾಡಿದ ಮೊತ್ತ 11,123 ಕೋಟಿ. ಆ ಪ್ಯಾಕೇಜಿನಲ್ಲಿ ಕಟ್ಟಡಕ್ಕೆ ಜಾಗ ಇದೆ ಎಂದಾದರೆ ಟೀಚರಿಗೂ ಇರಬೇಕು. ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ಕೈಯಲ್ಲಿವೆ. ಹಾಗಾಗಿ ಇದು ತಿರುವನಂತಪುರದಲ್ಲಿ ಮಾತ್ರ ತೀರ್ಮಾನ ಆಗಬೇಕಾದ ಸಂಗತಿ ಅಲ್ಲ. ಪಂಚಾಯತಿನ ಸದಸ್ಯರು ತಮ್ಮ ಯೋಜನೆಯಲ್ಲಿ ಇದನ್ನೊಂದು ಸಾಲಾಗಿ ಸೇರಿಸಲು ಪ್ರಯತ್ನಿಸಬಹುದು.

ವಯಸ್ಸಿನದ್ದೂ ಒಂದು. ಹೀಗೆ ಆರಿಸಿ ಓದಿಸಿದವರಿಗೆ ಪಿ.ಎಸ್.ಸಿ. ಅರ್ಜಿಯಲ್ಲಿ ಐದು ವರ್ಷ ಸಡಿಲಿಕೆ ಬೇಕು, ಇಲ್ಲದಿದ್ದರೆ ಓದಿಸಿದ ದುಡ್ಡು ನೀರಿನಲ್ಲಿ ಹೋಮ. ಸ್ನಾತಕೋತ್ತರ ಪದವಿ ಆದವರಿಗೆ ಒಂದು ವರ್ಷದ ಬಿ.ಎಡ್. ತರುವ ಕರಡನ್ನು ಶಿಕ್ಷಕ ತರಬೇತಿಯ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ 2025ರಲ್ಲಿ ಹೊರಡಿಸಿದೆ. ಅದು ಜಾರಿಯಾಗುವುದಾದರೆ ಕಾಸರಗೋಡಿನಲ್ಲಿ, ಕನ್ನಡದಲ್ಲಿ ಕಲಿಸುವ ತರಬೇತಿಯೊಂದಿಗೆ ಶುರು ಮಾಡಿಸಿ. ಆಗ ಖರ್ಚೂ ಅರ್ಧ.

ಮತ್ತೆ, ಇದು ನನ್ನ ಕೆಲಸದ ಮಾತಲ್ಲ, ಮಕ್ಕಳದ್ದು. ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು ಯಾವ ಜಿಲ್ಲೆಯವರಾದರೂ ಆಗಲಿ, ಯಾವ ಮನೆಮಾತಿನವರಾದರೂ ಆಗಲಿ. ನಮ್ಮ ಊರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಮಲಯಾಳ ಮಾತಾಡುವ ಮನೆಯವರೆಲ್ಲ ಕನ್ನಡ ಶಾಲೆಗೆ ಹೋಗಿದ್ದೇವೆ. ಆದರೆ ಕನ್ನಡದಲ್ಲಿ ಒಂದು ಪಾಠ ಮಾಡಿ ತೋರಿಸಿದ ಮೇಲೆಯೇ ಅವರನ್ನು ಕ್ಲಾಸಿಗೆ ಕಳಿಸಿ. ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಮಾಡಬೇಕು ಎನ್ನುವ 350ಎ ವಿಧಿ ಪ್ರಾಥಮಿಕ ಹಂತದ ಬಗ್ಗೆ ಮಾತ್ರ ಹೇಳುತ್ತದೆ, ಹೈಸ್ಕೂಲಿಗೆ ಅನ್ವಯಿಸುವುದಿಲ್ಲ ಎಂದು ಒಬ್ಬರು ನನಗೆ ಬುದ್ಧಿ ಹೇಳಿದ್ದರು. ಇರಬಹುದು. ಆದರೆ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮ ಎಂದು ಬೋರ್ಡು ಹಾಕಿ, ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಸಿ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲೇ ಕೊಡುವವರು ನೀವೇ. ಮಧ್ಯದಲ್ಲಿ ಪಾಠ ಮಾಡುವವರ ಭಾಷೆ ಮಾತ್ರ ಯಾಕೆ ಬಿಟ್ಟುಹೋಯಿತು?

ಅಕ್ಕನ ಮಗಳು ಪಾಸಾದಳು. ಭೌತಶಾಸ್ತ್ರದಲ್ಲಿ ನೆನೆದಷ್ಟು ಬರಲಿಲ್ಲ, ಪ್ಲಸ್ ಟೂಗೆ ಕಾಮರ್ಸ್ ತೆಗೆದುಕೊಂಡಿದ್ದಾಳೆ. ಕಾಮರ್ಸ್ ಒಳ್ಳೆಯದೇ. ಆದರೆ ಎಂಟನೇ ಕ್ಲಾಸಿನಲ್ಲಿ ಅವಳು ಆಸೆಪಟ್ಟದ್ದು ಬೇರೆ ಇತ್ತು. ಆ ಕತ್ತಿಯ ಹುಡುಗ ಮಾತ್ರ ಸಯನ್ಸ್‌ಗೆ ಸೇರಿದ್ದಾನೆ, ಪೇಟೆಯಲ್ಲಿ ಸಿಕ್ಕಾಗ ಹೇಳಿದ. ಈ ವರ್ಷದ ಹತ್ತನೆಯವರಿಗೂ ಶನಿವಾರ ಬರುತ್ತೀರಾ ಎಂದು ಶಾಲೆಯಿಂದ ಫೋನ್ ಬಂದಿತ್ತು. ಬರುತ್ತೇನೆ ಎಂದಿದ್ದೇನೆ. ಮೈಲುತುತ್ತು ಮನೆಯಲ್ಲಿದೆ, ಬಾಟಲಿಗಳಿಗೆ ಅಂಟಿಸಲು ಚೀಟಿ ನಾನೇ ತರುತ್ತೇನೆ.

ಬಿ.ಎಡ್.ಗೆ ಅರ್ಜಿ ಹಾಕಲು ಬೇಕಾದ ಸರ್ಟಿಫಿಕೇಟುಗಳ ಪ್ರತಿ ಮಾಡಿಸಿ ಒಂದು ಫೈಲಿನಲ್ಲಿಟ್ಟಿದ್ದೇನೆ. ರಾಜೀನಾಮೆ ಪತ್ರ ಇನ್ನೂ ಬರೆದಿಲ್ಲ. ನಿಮ್ಮ ಉತ್ತರ ನೋಡಿ ಬರೆಯುತ್ತೇನೆ. ಉತ್ತರ ಕನ್ನಡದಲ್ಲಿ ಬಂದರೆ ಸಂತೋಷ, ಮಲಯಾಳದಲ್ಲಿ ಬಂದರೂ ಓದಿಕೊಳ್ಳುತ್ತೇನೆ.

ಇತಿ,
ಬದಿಯಡ್ಕದ ಕಡೆಯ ಒಬ್ಬಳು ಕೆಮಿಸ್ಟ್, ಶನಿವಾರ ಮಾತ್ರ ಟೀಚರ್